ಏಳು ದಾರಿಗೆ ಏಳು ಸೊಪ್ಪು

ಗಾದ್ರಿ ಅಂಗಳಕ್ಕೆ ಬಂದವನೇ ಈಟಿಯನ್ನು ನೆಲಕ್ಕೆ ಎಸೆದ. ಅದು ಉರುಳಿಕೊಂಡು ಹೋಗಿ ಓಬಜ್ಜನ ಕಾಲ ಬಳಿ ನಿಂತಿತು.

"ಸಾಕಾಗಿ ಹೋಯ್ತು ಅಜ್ಜಾ. ರೋಸಿ ಹೋಗಿದೀನಿ."

ಓಬಜ್ಜ ಹಗ್ಗ ಹೊಸೆಯುತ್ತಿದ್ದ. ತಲೆ ಎತ್ತಲಿಲ್ಲ.

"ಈಟಿ ಎತ್ತಿ ಮಡಗು. ಆಮೇಲೆ ರೋಸಿ ಹೋಗು."

ಗುಡ್ಡದ ಬುಡದಲ್ಲಿ, ಹಳ್ಳದ ದಂಡೆಯ ಮೇಲೆ ಓಬಜ್ಜನ ಗುಡಿಸಲು. ಒಂದು ಕಾಲಕ್ಕೆ ಆ ಸೀಮೆಗೆಲ್ಲ ದೊಡ್ಡ ಬೇಟೆಗಾರ ಅವನು. ಈಗ ಮೊಣಕಾಲು ಕೈಕೊಟ್ಟಿತ್ತು. ಬೇಟೆ ಬಿಟ್ಟು ಬೇಟೆ ಕಲಿಸುತ್ತಿದ್ದ.

ಕಲಿಯಲು ಬಂದವನಿಗೆ ಮೂರು ಬೇಸಿಗೆ. ಅಷ್ಟರೊಳಗೆ ಒಂದು ಹಂದಿಯನ್ನು ತಾನೇ ಹೊಡೆಯಬೇಕು, ಅದರ ಪಾಲನ್ನೂ ತಾನೇ ಹಾಕಬೇಕು. ಎಷ್ಟು ಪಾಲು, ಯಾರಿಗೆ ಪಾಲು ಎಂದು ಯಾರೂ ಹೇಳಿಕೊಡುವಂತಿಲ್ಲ. ಪಾಲು ನೋಡಿ ಅಜ್ಜ ಒಪ್ಪಿದರೆ ಈಟಿ ಅವನದು. ಒಪ್ಪದಿದ್ದರೆ ಈಟಿಯನ್ನು ಅಜ್ಜನ ಬಾಗಿಲಿಗೆ ಒರಗಿಸಿ ಬಂದ ದಾರಿ ಹಿಡಿಯಬೇಕು. ಆಮೇಲೆ ಆ ಸೀಮೆಯಲ್ಲಿ ಯಾರೂ ಅವನ ಕೈಗೆ ಈಟಿ ಕೊಡುವುದಿಲ್ಲ.

ಗಾದ್ರಿಗೆ ಇದು ಮೂರನೇ ಬೇಸಿಗೆ. ಮಳೆ ಬಿದ್ದ ದಿನ ಬೇಟೆ ಮುಗಿದಂತೆ. ಪಡುವಣದಲ್ಲಿ ಆಗಲೇ ಮೋಡ ಕೂಡತೊಡಗಿತ್ತು.

"ಏನಾಯ್ತು, ಈಗ ಹೇಳು," ಎಂದ ಅಜ್ಜ.

"ಕೋಳಿ ಕೂಗೋಕೆ ಮುಂಚೆ ಎದ್ದು ಬಂಡೆ ಮೇಲಿನ ದೊಣೆ ಹತ್ರ ಹೋದೆ. ಹಂದಿ ನೀರಿಗೆ ಬರೋದು ಅಲ್ಲಿಗೇ ತಾನೆ? ಹೋಗಿ ನೋಡಿದ್ರೆ ಒಂಬತ್ತು ಜನ ನನಗಿಂತ ಮುಂಚೆ ಬಂದು ಕೂತವ್ರೆ! ಆ ತಿಪ್ಪ ಇದಾನಲ್ಲ, ಏಳು ನಾಯಿ ಕಟ್ಕೊಂಡು ಬಂದವ್ನೆ. ಒಂದು ಬೊಗಳಿದ್ರೆ ಏಳೂ ಬೊಗಳ್ತವೆ. ಈ ಕಡೆ ಸೂರಣ್ಣ. ಹೊಗೆಸೊಪ್ಪು ಹಾಕ್ಕೊಂಡು ಕೆಮ್ಮಿದ್ದೇ ಕೆಮ್ಮಿದ್ದು. ಮಿಕ್ಕೋರು ಮಗಳ ಮದುವೆ ಮಾತಾಡ್ತಾ ಕೂತವ್ರೆ. ಅದೇನು ಬೇಟೆನಾ, ಬೀಗರೂಟನಾ?"

"ಹಂದಿ ಎಷ್ಟಿದ್ದವು?"

"ಒಂದೂ ಇರ್ಲಿಲ್ಲ!"

"ಒಂಬತ್ತು ಜನ ಅಲ್ಲಿ ಕೂತವ್ರೆ ಅಂತ ಹಂದಿಗೆ ಗೊತ್ತು. ಹೋಗೋವರೆಗೂ ನಿನಗೇ ಗೊತ್ತಿರ್ಲಿಲ್ಲ."

ಗಾದ್ರಿ ಹಲ್ಲು ಕಡಿದ. ಕಷ್ಟ ಹೇಳಿಕೊಳ್ಳಲು ಬಂದರೆ ಈ ಮುದುಕ ಯಾವಾಗಲೂ ಹಂದಿಯ ಪಕ್ಷವನ್ನೇ ವಹಿಸುತ್ತಾನೆ ಎನಿಸಿತು.

"ಅವ್ರನ್ನ ಕಾಡಿಂದ ಓಡಿಸೋ ಉಪಾಯ ಹೇಳಿಕೊಡಿ ಅಜ್ಜ."

"ಕಾಡು ನಿಮ್ಮಪ್ಪಂದಾ?"

"ಅಲ್ಲ. ಮೂರು ಊರಿಗೂ ಸೇರಿದ್ದು."

"ಮತ್ತೆ?"

"ಅದೇ ಹೊಟ್ಟೆಯುರಿ!"

ಅಜ್ಜ ಹಗ್ಗವನ್ನು ಪಕ್ಕಕ್ಕಿಟ್ಟು ಅಂಗಳದ ಹುಂಜದ ಕಡೆ ನೋಡಿದ.

"ಹೊಟ್ಟೆ ತಣ್ಣಗಾಗ್ಲಿ. ಆ ಹುಂಜ ಹಿಡಿ, ಸಾರು ಮಾಡಾಣ."

ಗಾದ್ರಿ ಹುಂಜದ ಹಿಂದೆ ಬಿದ್ದ. ಅದು ತಿಪ್ಪೆ ಹತ್ತಿತು, ಬಣವೆ ಸುತ್ತಿತು, ಗುಡಿಸಲ ಒಳಗೆ ನುಗ್ಗಿ ಮಡಕೆ ಉರುಳಿಸಿ ಹೊರಗೆ ಬಂತು. ಗಾದ್ರಿ ಎರಡು ಸಲ ಮುಗ್ಗರಿಸಿದ. ಬೇಲಿಯಲ್ಲಿ ಒಂದೇ ಒಂದು ಕಂಡಿ ಇತ್ತು. ಅಜ್ಜ ಕುಂಟಿಕೊಂಡು ಹೋಗಿ ಅದರ ಮುಂದೆ ಪಂಚೆ ಹರಡಿಕೊಂಡು ಕೂತ. ಹುಂಜ ಕೊನೆಗೆ ಆ ಕಂಡಿಗೇ ಓಡಿ ಬಂದು ಅವನ ಮಡಿಲಿಗೆ ಬಿತ್ತು.

"ಸಿಕ್ಕಿತು," ಎಂದ ಅಜ್ಜ.

"ನಿಮಗೇನು, ಕೂತಲ್ಲೇ ಕೂತಿದ್ರಿ!" ಗಾದ್ರಿ ಏದುಸಿರು ಬಿಡುತ್ತಾ ಸಿಡುಕಿದ. "ಓಡಿಸಿ ಓಡಿಸಿ ಸತ್ತಿದ್ದು ನಾನು. ನಾನು ಓಡಿಸದೆ ಇದ್ದಿದ್ರೆ ಅದು ನಿಮ್ಮ ಮಡಿಲಿಗೆ ಬಂದು ಬೀಳ್ತಿತ್ತಾ?"

"ಬೀಳ್ತಿರ್ಲಿಲ್ಲ," ಎಂದು ಅಜ್ಜ ಒಪ್ಪಿಕೊಂಡ.

ಸಾರು ಬಡಿಸುವಾಗ ದೊಡ್ಡ ತೊಡೆಯನ್ನು ಗಾದ್ರಿಯ ತಟ್ಟೆಗೇ ಹಾಕಿದ. ಗಾದ್ರಿ ಬೇಡ ಎನ್ನಲಿಲ್ಲ. ನ್ಯಾಯವಾಗಿ ತನಗೆ ಬರಬೇಕಾದ್ದೇ ಬಂತು ಎನ್ನುವಂತೆ ಮೂಳೆಯನ್ನೂ ಬಿಡದೆ ಚೀಪಿದ.

ಆ ಕಾಡಿನಲ್ಲಿ ಬೇಟೆಗಾರರಿಗೆ ಒಂದು ಕಟ್ಟುಪಾಡು ಇತ್ತು. ಒಳಗೆ ಹೋಗಲು ಏಳು ದಾರಿ. ಹೋಗುವವನು, ಒಬ್ಬನೇ ಇರಲಿ, ಜೊತೆಗಾರರಿರಲಿ, ತನ್ನ ದಾರಿಯ ಬಾಯಲ್ಲಿ ಒಂದು ಬೇವಿನ ಸೊಪ್ಪು ಮುರಿದಿಟ್ಟು, ಅದರ ಮೇಲೆ ಕಲ್ಲು ಹೇರಬೇಕು. ಹಸಿ ಸೊಪ್ಪು ಕಂಡರೆ ಒಳಗೆ ಬೇಟೆಗಾರನಿದ್ದಾನೆ ಎಂದರ್ಥ. ಬೇರೆಯವರು ಆ ದಾರಿ ಬಿಟ್ಟು ಮತ್ತೊಂದನ್ನು ಹಿಡಿಯುತ್ತಾರೆ. ಸೊಪ್ಪು ಬಾಡಿದರೆ ದಾರಿ ಮತ್ತೆ ಎಲ್ಲರದು. ಈ ಮಾತಿಗೆ ಯಾರೂ ತಪ್ಪುತ್ತಿರಲಿಲ್ಲ. ಏಳು ನಾಯಿಯ ತಿಪ್ಪನೂ ತಪ್ಪುತ್ತಿರಲಿಲ್ಲ.

ಚಳಿಗಾಲದಲ್ಲಿ ಅವರವರು ಅವರವರ ದಾರಿ ಹಿಡಿಯುತ್ತಿದ್ದರು. ಬೇಸಿಗೆಯಲ್ಲಿ ಮಾತ್ರ ನೀರಿರುವುದು ಒಂದೇ ದೊಣೆಯಲ್ಲಿ. ಆಗ ಎಲ್ಲ ದಾರಿಯೂ ಅಲ್ಲಿಗೇ ಹೋಗಿ ಮುಟ್ಟುತ್ತಿತ್ತು.

ಮರುದಿನ ಬೆಳಕು ಹರಿಯುವಾಗ ಗಾದ್ರಿಗೆ ಒಂದು ಉಪಾಯ ಹೊಳೆಯಿತು. ಏಳು ದಾರಿಗೂ ಏಳು ಸೊಪ್ಪು ಇಟ್ಟ. ಬೇಗ ಬಾಡದಿರಲಿ ಎಂದು ಒಂದೊಂದರ ಮೇಲೂ ನೀರು ಚಿಮುಕಿಸಿದ. ಆಮೇಲೆ ದೊಣೆಯ ಪಕ್ಕ ಬಂಡೆಗೆ ಒರಗಿ, ಈಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ.

ಯಾರೂ ಬರಲಿಲ್ಲ.

ಆಹಾ, ಎಂಥ ಸುಖ! ಬೊಗಳುವವರಿಲ್ಲ, ಕೆಮ್ಮುವವರಿಲ್ಲ, ಮಗಳ ಮದುವೆ ಮಾತಾಡುವವರಿಲ್ಲ. ಇಡೀ ಕಾಡಿಗೆ ತಾನೊಬ್ಬನೇ ದೊರೆ. ಗಾದ್ರಿಗೆ ಎರಡು ಸಲ ಒಳ್ಳೆಯ ನಿದ್ದೆಯೂ ಬಂತು.

ಹಂದಿ ಬರಲಿಲ್ಲ.

ಎರಡನೇ ದಿನವೂ ಸೊಪ್ಪು ಇಟ್ಟ. ಹಂದಿ ಬರಲಿಲ್ಲ. ಮೂರನೇ ದಿನ ದೊಣೆಗೆ ಒಂದು ಮುಂಗುಸಿ ಬಂದು ನೀರು ಕುಡಿದು, ಅವನ ಮುಖವನ್ನೊಮ್ಮೆ ನೋಡಿ ಹೋಯಿತು. ಕೆಸರಿನಲ್ಲಿ ಹಂದಿಯ ಗೊರಸಿನ ಗುರುತೇನೋ ಇತ್ತು. ಹಂದಿಗಳೆಲ್ಲ ರಾತ್ರಿಯೇ ನೀರು ಕುಡಿದು, ನಡುಗುಡ್ಡದ ಮುಳ್ಳಿನ ಮೆಳೆಗೆ ಹೋಗಿ ಮಲಗಿದ್ದವು. ಹಗಲಿಡೀ ಅವುಗಳನ್ನು ಎಬ್ಬಿಸುವವರೇ ಇರಲಿಲ್ಲ.

ಗಾದ್ರಿ ಮತ್ತೆ ಅಂಗಳಕ್ಕೆ ಬಂದ. ಈ ಸಲ ಈಟಿ ಎಸೆಯಲಿಲ್ಲ. ಅದನ್ನು ಗೋಡೆಗೆ ಒರಗಿಸಿ ತಾನೂ ಒರಗಿದ.

"ಇವತ್ತು ಎಷ್ಟು ಜನ ಇದ್ರು?" ಎಂದು ಅಜ್ಜ ಕೇಳಿದ.

"ಒಬ್ರೂ ಇರ್ಲಿಲ್ಲ."

"ಹಂದಿ?"

"ಒಂದೂ ಇರ್ಲಿಲ್ಲ. ತಲೆ ಕೆಟ್ಟು ಹೋಗ್ತಿದೆ ಅಜ್ಜಾ."

"ಹಂಗಾದ್ರೆ ಈಗ ಯಾರ ಕಾಟ?"

ಗಾದ್ರಿ ಕಾಲಿನ ಕೆಸರನ್ನು ನೆಲಕ್ಕೆ ಉಜ್ಜಿದ. ಅಜ್ಜ ಮತ್ತೆ ಕೇಳಿದ.

"ಮೂರು ದಿನ ಒಬ್ರೂ ಯಾಕೆ ಬರ್ಲಿಲ್ಲ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಗಾದ್ರಿ ಏಳು ಸೊಪ್ಪಿನ ಕಥೆಯನ್ನು ಹೇಳಿಬಿಟ್ಟ. ಉಪಾಯವನ್ನು ಅಜ್ಜ ಮೆಚ್ಚಿಯಾನು ಎಂಬ ಆಸೆಯೂ ಒಳಗೆ ಒಂದಿಷ್ಟು ಇತ್ತು, ಅದನ್ನೂ ಹೇಳಬೇಕು.

ಅಜ್ಜ ಎದ್ದು ನಿಂತ. ಮೊಣಕಾಲು ನೋವಿನ ಮನುಷ್ಯ ಅಷ್ಟು ಬೇಗ ಎದ್ದದ್ದನ್ನು ಗಾದ್ರಿ ಈ ಮೂರು ವರ್ಷದಲ್ಲಿ ನೋಡಿರಲಿಲ್ಲ.

"ಸೊಪ್ಪಿಗೂ ಸುಳ್ಳು ಹೇಳೋದು ಕಲಿಸಿದೆಯಲ್ಲೋ, ಮುಠ್ಠಾಳ! ಒಬ್ಬನಿಗೆ ಒಂದು ಸೊಪ್ಪು. ನಮ್ಮಜ್ಜನ ಕಾಲದಿಂದ ಆ ಸೊಪ್ಪು ಒಂದು ಸಲಾನೂ ಸುಳ್ಳು ಹೇಳಿಲ್ಲ. ಕೋತಿ ತಾನೂ ಕೆಟ್ಟು ವನಾನೆಲ್ಲ ಕೆಡಿಸಿತಂತೆ. ಹೋಗು, ಮೂರು ಊರಿಗೂ ಹೋಗಿ ನಾನೇ ಇಟ್ಟಿದ್ದು ಅಂತ ಹೇಳಿ ಬಾ."

"ಅಜ್ಜಾ, ತಿಪ್ಪ ನನ್ನ ಮೇಲೆ ನಾಯಿ ಬಿಡ್ತಾನೆ."

"ಬಿಡ್ಲಿ."

ತಿಪ್ಪ ನಾಯಿ ಬಿಡಲಿಲ್ಲ, ಬಾಯಿ ಬಿಟ್ಟ. "ಮೂರು ದಿನ ಏಳು ನಾಯೀನೂ ಮನೇಲಿ ಕಟ್ಟಿ ಹಾಕಿದೀನಿ ಕಣಯ್ಯ! ಬೊಗಳೋಕೆ ಬೇರೆ ಏನೂ ಸಿಗದೆ ನನ್ನ ಹೆಂಡ್ತೀನೇ ಬೊಗಳ್ತವೆ. ಅವಳು ನನ್ನ ಬೊಗಳ್ತಾಳೆ!" ಸೂರಣ್ಣ ಬೈಯಲು ಹೋದ, ಕೆಮ್ಮು ತಡೆಯಿತು. ಕೆಮ್ಮು ಮುಗಿಯುವವರೆಗೆ ಗಾದ್ರಿ ತಲೆ ತಗ್ಗಿಸಿ ನಿಂತು, ಆಮೇಲೆ ಬೈಸಿಕೊಂಡು ಬಂದ.

ಹಿಂದಿರುಗಿದಾಗ ಪಡುವಣದ ಮೋಡ ಗುಡ್ಡದ ತಲೆಗೆ ಬಂದಿತ್ತು. ಅವನಿಗೆ ಅಳು ಬರುವಂತಾಗಿತ್ತು.

"ಹೆಚ್ಚು ಅಂದ್ರೆ ಎರಡು ದಿನ ಇದೆ ಅಜ್ಜಾ. ಅವ್ರು ಇದ್ರೂ ಹಂದಿ ಇಲ್ಲ, ಅವ್ರು ಇಲ್ದಿದ್ರೂ ಹಂದಿ ಇಲ್ಲ. ನಾನೇನು ಮಾಡ್ಲಿ?"

"ನಾಳೆ ಬೇಟೆಗೆ ಹೋಗಬೇಡ."

"ಇರೋದೇ ಎರಡು ದಿನ ಅಂದ್ರೆ..."

"ಈಟಿ ಇಲ್ಲೇ ಬಿಟ್ಟು, ಗುಡ್ಡದ ನೆತ್ತಿ ಮೇಲೆ ಹೋಗಿ ಕೂತ್ಕೋ. ಹಂದೀನ ಹುಡುಕಬೇಡ. ಆ ಒಂಬತ್ತು ಜನಾನ ನೋಡು."

"ಅವ್ರ ಮುಖ ನೋಡಿ ನೋಡಿ ಸಾಕಾಗಿದೆ!"

"ಮುಖ ನೋಡಿದೀಯ. ನಡಿಗೆ ನೋಡಿಲ್ಲ."

ಗಾದ್ರಿ ಗೊಣಗುತ್ತಲೇ ಗುಡ್ಡ ಹತ್ತಿದ. ಬರಿಗೈಯಲ್ಲಿ ಕೂತು ಪರರ ಬೇಟೆ ನೋಡುವುದಕ್ಕಿಂತ ದೊಡ್ಡ ಶಿಕ್ಷೆ ಇನ್ನೊಂದಿಲ್ಲ.

ಬೆಳಕಾಯಿತು. ಮೂಡಲ ದಾರಿಯಿಂದ ತಿಪ್ಪ ಬಂದ. ನಾಯಿಗಳು ಮುಂದೆ, ಅವನು ಹಿಂದೆ. ತೆಂಕಣದ ದಾರಿಯಿಂದ ಸೂರಣ್ಣನ ಕೆಮ್ಮು ಬಂತು, ಆಮೇಲೆ ಸೂರಣ್ಣ ಬಂದ. ಮಿಕ್ಕವರೂ ಇಬ್ಬರು ಮೂವರು ಜೊತೆಯಾಗಿ ಸಲೀಸಾದ ದಾರಿಗಳಲ್ಲೇ ಬಂದರು. ಎಲ್ಲರೂ ದೊಣೆಗೇ ಬಂದರು. ಒಬ್ಬನೂ ಮುಳ್ಳು ತುಳಿಯಲಿಲ್ಲ.

ನಾಯಿಗಳು ಬೊಗಳಿದವು. ನಡುಗುಡ್ಡದ ಮೆಳೆ ಅಲುಗಿತು.

ಗಾದ್ರಿ ಕತ್ತು ಮುಂದೆ ಚಾಚಿದ.

ಒಂದು ಹಂದಿ ಮೆಳೆಯಿಂದ ಹೊರಗೆ ಬಂತು. ಅದರ ಹಿಂದೆ ಇನ್ನೊಂದು. ಆಮೇಲೆ ನಾಲ್ಕು. ಓಡಲಿಲ್ಲ, ಗಾಬರಿಪಡಲಿಲ್ಲ. ಮೂಡಲಿಗೆ ನಾಯಿ, ತೆಂಕಣಕ್ಕೆ ಕೆಮ್ಮು, ಕೆಳಗೆ ಮಾತು. ಹಂದಿಗಳು ಬಡಗಲ ಕೊರಕಲಿಗೆ ಇಳಿದು, ಸಾಲಾಗಿ ಮೇಲಕ್ಕೆ ನಡೆದವು. ಕಲ್ಲುಮುಳ್ಳಿನ ಆ ಕೊರಕಲಿನಲ್ಲಿ ನೀರಿಲ್ಲ, ನೆರಳಿಲ್ಲ. ಅಲ್ಲಿಗೆ ಯಾವ ಬೇಟೆಗಾರನೂ ಹೋಗುವುದಿಲ್ಲ. ಅಲ್ಲಿ ಬಿದ್ದ ಕಾಲುದಾರಿಯನ್ನು ನೋಡಿದರೆ ಅವು ಎಷ್ಟೋ ವರ್ಷದಿಂದ ಹೀಗೇ ಹೋಗುತ್ತಿದ್ದವು ಎಂದು ಗೊತ್ತಾಗುತ್ತಿತ್ತು.

ಕೆಳಗೆ ದೊಣೆಯ ಹತ್ತಿರ ಒಂಬತ್ತು ಮಂದಿ ನೀರು ಕಾಯುತ್ತಾ ಕೂತಿದ್ದರು. ಮೊನ್ನೆ ಮೊನ್ನೆಯವರೆಗೆ ತಾನು ಹತ್ತನೆಯವನಾಗಿ ಅಲ್ಲೇ ಕೂರುತ್ತಿದ್ದೆ ಎನ್ನುವುದು ನೆನಪಾಗಿ ಗಾದ್ರಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಸಂಜೆ ಗಾದ್ರಿ ಈಟಿಯ ಮೊನೆಯನ್ನು ಕಲ್ಲಿಗೆ ಮಸೆಯುತ್ತಾ ಕೂತ.

ಮರುದಿನ ಬಡಗಲ ಕೊರಕಲಿನ ಬಾಯಲ್ಲಿ ಒಂದೇ ಒಂದು ಸೊಪ್ಪು ಇಟ್ಟ. ಮೇಲೆ ಹೋಗಿ, ಎರಡು ಬಂಡೆಗಳ ನಡುವೆ ದಾರಿ ಇಕ್ಕಟ್ಟಾಗುವ ಕಡೆ ಮುಳ್ಳಿನೊಳಗೆ ಹುದುಗಿದ. ಬೆನ್ನಿಗೂ ತೊಡೆಗೂ ಮುಳ್ಳು ಚುಚ್ಚಿತು. ದೂರದಲ್ಲಿ ಗುಡುಗಿತು.

ತಿಪ್ಪ ಇವತ್ತು ಬಾರದೆ ಇದ್ದರೆ ಏನು ಗತಿ ಎಂಬ ಯೋಚನೆ ಗಾದ್ರಿಗೆ ಬಂತು. ಬಾರೋ ತಿಪ್ಪ, ನಾಯಿ ಕರ್ಕೊಂಡು ಬಾರಪ್ಪ ಎಂದು ಮನಸ್ಸಿನಲ್ಲೇ ಬೇಡಿಕೊಂಡ.

ನಾಯಿ ಬೊಗಳಿತು. ಏಳೂ ಬೊಗಳಿದವು. ಆ ಹಾಳು ಸದ್ದು ಇಷ್ಟು ಇಂಪಾಗಿ ಅವನ ಕಿವಿಗೆ ಎಂದೂ ಕೇಳಿರಲಿಲ್ಲ. ಸೂರಣ್ಣನೂ ಕೆಮ್ಮಿದ.

ಹಂದಿಗಳು ಸಾಲಾಗಿ ಕೊರಕಲು ಹತ್ತಿ ಬಂದವು. ಮೊದಲನೆಯದನ್ನು ಬಿಟ್ಟ, ಎರಡನೆಯದನ್ನೂ ಬಿಟ್ಟ. ಮೂರನೆಯದು ಒಂಟಿಯಾಗಿ ಹಿಂದೆ ಬಂತು, ಕೋರೆಯ ದೊಡ್ಡ ಗಂಡು. ಒಂದು ಮಾರಿನಷ್ಟು ಹತ್ತಿರ ಬಂದಾಗ ಗಾದ್ರಿ ಎದ್ದು ನಿಂತು ಈಟಿಯಿಂದ ಇರಿದ. ಒಂದೇ ಏಟು.

ಹಂದಿಯನ್ನು ಎಳೆದುಕೊಂಡು ಅಂಗಳ ಸೇರುವಾಗ ಮೊದಲ ನಾಲ್ಕು ಹನಿ ಬಿತ್ತು. ಅಜ್ಜ ಹಂದಿಯ ಸುತ್ತ ಒಂದು ಸುತ್ತು ಹಾಕಿದ. ಗಾಯದೊಳಗೆ ಬೆರಳಿಟ್ಟು ನೋಡಿದ. ಚಪ್ಪರದ ಕೆಳಗೆ ಮುತ್ತುಗದ ಎಲೆ ಹಾಸಿ, ಗಾದ್ರಿಯ ಕೈಗೆ ಕತ್ತಿ ಕೊಟ್ಟ. ಈಟಿಯನ್ನು ತನ್ನ ಮಡಿಲಲ್ಲಿ ಅಡ್ಡವಾಗಿ ಇಟ್ಟುಕೊಂಡು ಕೂತ.

"ಪಾಲು ಹಾಕು."

ಗಾದ್ರಿ ಮಾಂಸ ಕತ್ತರಿಸತೊಡಗಿದ. ಅಷ್ಟರಲ್ಲಿ ಬೇಲಿಯ ಆಚೆ ನಾಯಿ ಬೊಗಳಿತು. ತಿಪ್ಪ ನಿಂತಿದ್ದ. ಅವನ ಹಿಂದೆ ಸೂರಣ್ಣ, ಸೂರಣ್ಣನ ಹಿಂದೆ ಮಿಕ್ಕ ಏಳು ಮಂದಿ. ಬರಿಗೈಯಲ್ಲಿ ಊರಿಗೆ ಹೊರಟವರು ಮಳೆಗೆ ಅಲ್ಲಿನ ಮರದಡಿ ನಿಂತಿದ್ದರು. ಯಾರೂ ಏನೂ ಕೇಳಲಿಲ್ಲ. ನಾಯಿಗಳು ಮಾತ್ರ ಎಲೆಯ ಕಡೆ ನೋಡಿ ಬಾಲ ಅಲ್ಲಾಡಿಸಿದವು.

ಗಾದ್ರಿ ಬಗ್ಗಿ ಕೆಲಸ ಮುಂದುವರಿಸಿದ. ಎಲೆಯ ಮೇಲೆ ಎರಡು ಗುಡ್ಡೆ ಎದ್ದವು.

"ಇದು ನಿಮ್ಮದು ಅಜ್ಜಾ. ಇದು ನನ್ನದು."

ಅಜ್ಜ ಬೇಲಿಯ ಕಡೆ ನೋಡಿದ.

ಗಾದ್ರಿಗೆ ರೇಗಿ ಹೋಯಿತು. ದನಿ ತಗ್ಗಿಸಿ, ಹಲ್ಲಿನ ನಡುವೆಯೇ ಮಾತಾಡಿದ.

"ಅವ್ರ ಕಡೆ ಯಾಕೆ ನೋಡ್ತೀರ ಅಜ್ಜಾ? ಮುಳ್ಳಲ್ಲಿ ಕೂತಿದ್ದು ನಾನು. ಈಟಿ ಇರಿದಿದ್ದು ನಾನು. ಅವ್ರೇನು ಮಾಡಿದ್ರು? ಬೊಗಳಿಸಿದ್ರು, ಕೆಮ್ಮಿದ್ರು, ಹೆದರಿಸಿ ಓಡಿಸಿದ್ರು, ಅಷ್ಟೇ!"

ಮಳೆ ಜೋರಾಯಿತು. ಓಬಜ್ಜ ಮಡಿಲಲ್ಲಿದ್ದ ಈಟಿಯನ್ನು ಎರಡೂ ಕೈಯಲ್ಲಿ ಎತ್ತಿ, ಗಾದ್ರಿಯ ಕಡೆಗೆ ಚಾಚಿ, ಕೊಡದೆ ಹಿಡಿದುಕೊಂಡ.

"ಅವತ್ತು ಹುಂಜದ ತೊಡೆ ತಿಂದೋರು ಯಾರು, ಗಾದ್ರಿ?"