ಅನುಮಾನದ ನಾಯಿ ಮತ್ತು ಆಸ್ಪತ್ರೆಯ ದೀಪ

ಮೈತುಂಬ ತುರಿಕೆಯ ಕಲೆಗಳೆದ್ದ ನಾಯಿಯೊಂದನ್ನು ಪಶು ಆಸ್ಪತ್ರೆಯಲ್ಲಿ ಚಿಕಿತ್ಸೆಗೆಂದು ನೇರಳಾತೀತ ದೀಪದ ಮುಂದೆ ನಿಲ್ಲಿಸಿದರು.

"ನೀನು ಸುಡುವವನಲ್ಲವೇ?" ಎಂದು ನಾಯಿ ಅನುಮಾನದಿಂದ ಕೇಳಿತು.

"ಹೌದು, ನನ್ನ ಮುಂದೆ ಹೆಚ್ಚು ಹೊತ್ತು ನಿಂತವರನ್ನು ಸುಡುತ್ತೇನೆ. ಅದಕ್ಕೇ ಬೇಗ ಆರಿಹೋಗುತ್ತೇನೆ. ಅಲ್ಲಿಯವರೆಗೆ ಕಣ್ಣು ಮುಚ್ಚಿಕೋ" ಎಂದಿತು ದೀಪ.

"ಕಣ್ಣು ಮುಚ್ಚು ಎನ್ನುವವರನ್ನು ನಾನು ನಂಬುವುದಿಲ್ಲ" ಎಂದು ನಾಯಿ ಹೊರಗೆ ಓಡಿತು.

ಬಯಲಿನ ಬಂಡೆಯೊಂದು ಅದನ್ನು ಕರೆಯಿತು. "ಬಾ, ನನ್ನ ಮೇಲೆ ಮಲಗಿ ಬಿಸಿಲಿಗೆ ಮೈ ಕಾಯಿಸು. ಎಷ್ಟು ಹೊತ್ತು ಮಲಗಿದರೂ ಏನೂ ಆಗದು."

ಆ ಮಾತು ನಾಯಿಗೆ ಹಿತವೆನಿಸಿತು. ಸಂಜೆ ಎದ್ದಾಗ ಮೈಯೆಲ್ಲ ಬೊಕ್ಕೆ ಎದ್ದಿತ್ತು.

ಬೊಕ್ಕೆಗಳು ವಾಸಿಯಾದ ಮೇಲೆ ನಾಯಿ ತಾನಾಗಿಯೇ ದೀಪದ ಬಳಿಗೆ ಬಂತು.

"ಈಗ ನನ್ನಲ್ಲಿ ನಂಬಿಕೆ ಬಂತೇ?" ಎಂದು ದೀಪ ಕೇಳಿತು.

"ಇನ್ನೂ ಇಲ್ಲ. ಆದರೆ ತನ್ನಿಂದಾಗುವ ಕೇಡನ್ನು ತಾನೇ ಮೊದಲು ಹೇಳಿದವನು ನೀನೊಬ್ಬನೇ" ಎಂದಿತು ನಾಯಿ.