ಎರಡು ಸೋರೆಬುರುಡೆ

"ಗುರುಗಳೇ, ಸದಾ ಬೈಯುವ ತಾಯಿಯಿಂದ ಮುಖ ತಿರುಗಿಸಿದರೆ ತಪ್ಪೇ?" ಎಂದು ಶಿಷ್ಯ ಬೊಮ್ಮಯ್ಯ ಕೇಳಿದ.

ಅವನು ಮಠ ಸೇರಿ ಒಂದು ವರ್ಷವಾಗಿತ್ತು. ತಾಯಿ ಪ್ರತಿ ಹುಣ್ಣಿಮೆಗೆ ಬರುತ್ತಿದ್ದಳು. ಮನೆ ಬಿಟ್ಟದ್ದಕ್ಕೆ ಮನಸೋ ಇಚ್ಛೆ ಬೈದು, "ಇನ್ನು ನಿನ್ನ ಮುಖ ನೋಡುವುದಿಲ್ಲ" ಎಂದು ಹೊರಟುಹೋಗುತ್ತಿದ್ದಳು.

"ನಾಳೆ ಹುಣ್ಣಿಮೆ. ಅವ್ವ ಬಂದರೆ ನಾನು ಹೊರಗೆ ಬರುವುದಿಲ್ಲ. ನಾನು ಬೇಡ ಎನ್ನುವವಳು ನನಗೇಕೆ?" ಎಂದ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಬ್ಬ ಮೀನುಗಾರನಿದ್ದ. ಋತು ಬದಲಾದಾಗಲೆಲ್ಲ ಅವನು ಎರಡು ಒಣ ಸೋರೆಬುರುಡೆಗಳ ಬಾಯಿಗೆ ಮೇಣ ಮೆತ್ತಿ ಕಡಲಿಗೆ ಬಿಡುತ್ತಿದ್ದ. ಒಂದು ಬರಿಯ ಬುರುಡೆ. ಇನ್ನೊಂದಕ್ಕೆ ಹರಕು ಬಲೆಯಲ್ಲಿ ಕಲ್ಲು ಸುತ್ತಿ, ಆಳುದ್ದದ ಹಗ್ಗದಲ್ಲಿ ನೀರೊಳಗೆ ಇಳಿಬಿಡುತ್ತಿದ್ದ. ಆಮೇಲೆ ಗಾಳಿ ಎತ್ತ, ನೀರು ಎತ್ತ ಎಂದು ತಿಳಿಯಲು ದೋಣಿಯಲ್ಲಿ ಅವುಗಳ ಬೆನ್ನು ಹಿಡಿಯುತ್ತಿದ್ದ. ಊರಿನವರು ಅವನಿಗೆ 'ಬುರುಡೆ ಬಿಡುವವ' ಎಂದೇ ಹೆಸರಿಟ್ಟಿದ್ದರು. ಊರ ಬಾಯಿಗೆ ಬೀಗ ಹಾಕುವವರು ಯಾರು? ಅವನೂ ನಗುತ್ತಿದ್ದ.

ಆ ಮಾರ್ಗಶಿರದಲ್ಲಿ ಬರಿಯ ಬುರುಡೆ ಗಾಳಿಯ ಜೊತೆ ದಕ್ಷಿಣಕ್ಕೆ ಹೋಯಿತು. ಬಲೆ ಕಟ್ಟಿದ್ದು ನೀರಿನ ಸೆಳೆತಕ್ಕೆ ಉತ್ತರಕ್ಕೆ ಹೋಯಿತು.

ಅದೇ ವಾರ ಅವನ ತಮ್ಮ ಕಡಲಿಗೆ ಹೋದವನು ಮರಳಲಿಲ್ಲ. ಅವನ ದೋಣಿಯ ಹರಿದ ಹಾಯಿ ಮಾತ್ರ ದಕ್ಷಿಣದ ದಡಕ್ಕೆ ಬಂದು ಬಿತ್ತು. ಊರಿನವರೆಲ್ಲ ದಕ್ಷಿಣಕ್ಕೇ ದೋಣಿ ತಿರುಗಿಸಿದರು. ಮೀನುಗಾರನೊಬ್ಬನೇ ಉತ್ತರಕ್ಕೆ ಹೊರಟ.

"ಹಾಯಿ ಸಿಕ್ಕಿದ್ದು ದಕ್ಷಿಣದಲ್ಲಿ, ನೀನೆಲ್ಲಿಗೆ ಹೊರಟೆ ಮಾರಾಯಾ?" ಎಂದರು ಊರಿನವರು.

"ಹಾಯಿಯನ್ನು ಒಯ್ದದ್ದು ಗಾಳಿ. ಹಾಯಿ ಹೋದ ಮೇಲೆ ನನ್ನ ತಮ್ಮನನ್ನು ಒಯ್ದದ್ದು ನೀರು" ಎಂದ ಅವನು.

ಮರುದಿನ ಮಧ್ಯಾಹ್ನ ತಮ್ಮ ಸಿಕ್ಕಿದ. ಅರ್ಧ ಮುಳುಗಿದ ದೋಣಿಯಲ್ಲಿ ಸೊಂಟಮಟ್ಟದ ನೀರಿನಲ್ಲಿ ಕುಳಿತು ಇನ್ನೂ ನೀರು ಮೊಗೆಯುತ್ತಿದ್ದ. ಅಣ್ಣ ಅವನನ್ನು ಎಳೆದುಕೊಂಡು, "ಎಲ್ಲಿ ಹಾಳಾಗಿ ಹೋಗಿದ್ದೆ?" ಎಂದು ಬೈದ. ಬೈಯುತ್ತಲೇ ತಾನು ತಂದಿದ್ದ ಗಂಜಿಯನ್ನು ಅವನ ಬಾಯಿಗೆ ಹಿಡಿದ.

ಬೊಮ್ಮಯ್ಯನಿಗೆ ಕತೆ ಹಿಡಿಸಿತು. ಆದರೂ ಕೇಳಿದ: "ನಮ್ಮ ಅವ್ವನಿಗೂ ಈ ಬುರುಡೆಗೂ ಏನು ಸಂಬಂಧ, ಗುರುಗಳೇ?"

ಗುರುಗಳು ಅವನ ತಲೆ ಸವರಿ ಕೇಳಿದರು: "ಬೈಗುಳ ಮೇಲಿನ ಗಾಳಿ. ನಿನ್ನನ್ನು ಬೈಯಲು ಅವಳು ಎಷ್ಟು ಹರದಾರಿ ನಡೆದು ಬರುತ್ತಾಳೆ, ಮಗೂ?"

ಬೊಮ್ಮಯ್ಯನಿಗೆ ಲೆಕ್ಕ ಗೊತ್ತಿತ್ತು. ಮರುದಿನ ಹೊತ್ತು ಮೂಡುವ ಮೊದಲೇ ಅವನು ಮಠದ ಬಾಗಿಲಲ್ಲಿ ನಿಂತಿದ್ದ.