ಕೊಕ್ಕರೆ ಸಾಹೇಬರ ಮಹಜರು

ಕಾಡಿನ ವಿದ್ಯುತ್ ಕೇಂದ್ರದ ಭದ್ರತೆ ಪರೀಕ್ಷಿಸಲು ಸರ್ಕಾರದಿಂದ ಕೊಕ್ಕರೆ ಸಾಹೇಬರು ಬಂದರು. ಕಾವಲು ನಾಯಿ ಓಡಿಬಂದು, "ಸ್ವಾಮಿ, ಹಿಂದಿನ ಗೋಡೆಗೆ ಹೆಗ್ಗಣ ಬಿಲ ಕೊರೆದಿದೆ, ಒಂದು ಸಲ ನೋಡಿ" ಎಂದು ಗೋಗರೆಯಿತು.

"ನಿಯಮದಲ್ಲಿ ಗೇಟಿನ ಬೀಗ ಮಾತ್ರ ಇದೆ" ಎಂದ ಸಾಹೇಬರು ಬೀಗವನ್ನು ಮೂರು ಸಲ ಜಗ್ಗಿ, ಅರಗಿನ ಮೊಹರು ಒತ್ತಿ ಹಾರಿಹೋದರು.

ಮರುದಿನವೇ ಹೆಗ್ಗಣ ಕೇಬಲ್ ಕಡಿಯಿತು. ಕರೆಂಟ್ ಹೋಗಿ, ಕಾಡಿನ ಹಕ್ಕಿಗಳು ಮರಿಯಾಗಲೆಂದು ವಿದ್ಯುತ್ ಕಾವು ಪೆಟ್ಟಿಗೆಯಲ್ಲಿಟ್ಟಿದ್ದ ಮೊಟ್ಟೆಗಳೆಲ್ಲ ತಣ್ಣಗಾದವು, ಸಾಹೇಬರ ಸ್ವಂತ ಮೊಟ್ಟೆಗಳೂ ಸೇರಿ. ಧಾವಿಸಿ ಬಂದ ಸಾಹೇಬರು ಮೊದಲು ನೋಡಿದ್ದು ಮೊಹರನ್ನು. "ಮೊಹರು ಒಡೆದಿಲ್ಲ. ಆದ್ದರಿಂದ ಒಳಗೆ ಯಾರೂ ನುಗ್ಗಿಲ್ಲ" ಎಂದು ಮಹಜರು ಬರೆದು, ಸಾಕ್ಷಿಯ ರುಜು ಕೇಳಿದರು. ನಾಯಿ ಹಾಕಲೊಲ್ಲೆ ಎಂದಿತು. ಗೇಟಿನ ಒಳಗಿನಿಂದ ಹೆಗ್ಗಣ ಕೈ ಚಾಚಿ ರುಜು ಹಾಕಿತು.

"ನೋಡಿ ಕಲಿ, ಸಹಕಾರ ಅಂದರೆ ಇದು!" ಎಂದು ಸಾಹೇಬರು ನಾಯಿಯನ್ನು ಗದರಿದರು.